ಚೆಂದದ ಪಟ

ಹೊಳೆಯಲ್ಲಿ ನಿಂತಿದ್ದ ಕೊಕ್ಕರೆಗೆ ಕ್ಯಾಮೆರಾ ಹೇಳಿತು: "ಅಕ್ಕಾ, ನಿನ್ನ ಪಟವನ್ನು ಪಟ್ಟಣದಲ್ಲಿ ತೋರಿಸುತ್ತೇನೆ. ಜನ ಹೊಳೆ ಉಳಿಸಲು ಓಡಿ ಬರುತ್ತಾರೆ."

"ಹಾಗಾದರೆ ನನ್ನ ಹಿಂದಿರುವ ಕಾರ್ಖಾನೆಯ ಕೊಳವೆಯೂ ಪಟದಲ್ಲಿ ಬರಲಿ. ಅದು ಉಗುಳುವ ನೀರಿನ ಮೀನು ತಿಂದೇ ನನ್ನ ಮರಿಗಳು ಸತ್ತವು. ಇನ್ನು ನನ್ನ ಸರದಿ."

"ಛೇ, ಅದು ಬಂದರೆ ಚೆಂದ ಕೆಡುತ್ತದೆ. ಸ್ವಲ್ಪ ಈಚೆ ಬಾ."

"ಇದೇನು ಮದುಮಗಳ ಪಟವೇ?" ಎಂದು ಗೊಣಗುತ್ತಲೇ ಕೊಕ್ಕರೆ ಈಚೆ ಬಂತು.

ಪಟ್ಟಣದ ಜನ ಪಟ ನೋಡಿ, "ಎಂಥ ತಿಳಿನೀರು! ಈ ಹೊಳೆಗೆ ಏನೂ ಆಗಿಲ್ಲ ಬಿಡಿ" ಎಂದು ನೆಮ್ಮದಿಯಿಂದ ಮನೆಗೆ ಹೋದರು.

ಮರುವರ್ಷ ಕ್ಯಾಮೆರಾ ಮತ್ತೆ ಬಂದಾಗ, ಕೊಕ್ಕರೆ ಗಟ್ಟಿಯಾದ ಬಿಳಿ ನೊರೆಯಲ್ಲಿ ಕಾಲು ಹೂತು ನಿಂತಿತ್ತು.

"ಅಲ್ಲಾಡಬೇಡ, ಅಕ್ಕಾ!" ಎಂದಿತು ಕ್ಯಾಮೆರಾ.

ಕೊಕ್ಕರೆ ಅಲ್ಲಾಡಲಿಲ್ಲ. ತೆರೆದ ಕಣ್ಣಿನ ಮೇಲೆ ನೊಣ ಬಂದು ಕೂತರೂ ಅಲ್ಲಾಡಲಿಲ್ಲ.