ಹಂಗಂದ್ರೇನು?

"ಗುರುಗಳೇ, ಒಬ್ಬಳಿಂದ ಇಡೀ ತರಗತಿಯ ಓದು ಕೆಡುತ್ತಿದ್ದರೆ, ಅವಳನ್ನು ಕೆಳಗಿನ ತರಗತಿಗೆ ಕಳಿಸುವುದು ತಪ್ಪೇ?"

ಕೇಳಿದವನು ಸಿದ್ಧವೀರಯ್ಯ. ಮಠದ ಶಾಲೆಯಲ್ಲಿ ಆರನೆಯ ತರಗತಿಗೆ ಕನ್ನಡ ಹೇಳಿಕೊಡಲು ಗುರುಗಳು ಅವನನ್ನು ಆ ವರ್ಷವಷ್ಟೇ ನೇಮಿಸಿದ್ದರು. ಅವನದು ಒಳ್ಳೆಯ ಕಂಠ. ಅವನು ಒಂದು ಸಾಲು ಓದಿದರೆ ಮಕ್ಕಳು ಅದೇ ರಾಗದಲ್ಲಿ ಒಕ್ಕೊರಲಿನಿಂದ ಹಿಂದೆ ಓದುತ್ತಿದ್ದರು. ದಾಸೋಹದ ಮನೆಯಲ್ಲಿ ಅಕ್ಕಿ ಆರಿಸುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ನಾಗವೇಣಿ ಎಂಬ ಹುಡುಗಿ ಮಾತ್ರ, ಎಲ್ಲರೂ ಸಾಲು ಮುಗಿಸಿದ ಮೇಲೂ ನಡುವಿನ ಯಾವುದೋ ಪದದಲ್ಲಿ ನಿಂತಿರುತ್ತಿದ್ದಳು. ಅವಳನ್ನು ಎರಡನೆಯ ತರಗತಿಯ ಮಕ್ಕಳ ಜೊತೆ ಕೂರಿಸಬೇಕೆಂದು ಸಿದ್ಧವೀರಯ್ಯ ಮನಸ್ಸಿನಲ್ಲಿ ಆಗಲೇ ನಿಶ್ಚಯಿಸಿಕೊಂಡಿದ್ದ. ಗುರುಗಳ ಒಪ್ಪಿಗೆಯೊಂದು ಬಾಕಿಯಿತ್ತು.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಂದು ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಒಬ್ಬ ಉಪಾಧ್ಯಾಯನಿದ್ದ. ಅವನಿಗೂ ಒಳ್ಳೆಯ ಕಂಠವಿತ್ತು. ಅವನು ಹೇಳಿಕೊಟ್ಟಂತೆ ಮಕ್ಕಳು ರಾಗವಾಗಿ ಓದುತ್ತಿದ್ದರು. ಶಾಲೆಯ ಮುಂದೆ ಹಾದುಹೋಗುವವರು, ಓದು ಅಂದರೆ ಇದಪ್ಪ ಎಂದು ತಲೆದೂಗುತ್ತಿದ್ದರು. ಉಪಾಧ್ಯಾಯ ಎದೆಯುಬ್ಬಿಸಿ ನಡೆಯುತ್ತಿದ್ದ. ಕಿವಿಗೆ ಇಂಪಾಗಿದ್ದರೆ ಅದೇ ಓದು ಎಂದು ಅವನು ನಂಬಿದ್ದ. ಪಾಪ, ಅಲ್ಲ ಎನ್ನುವವರು ಯಾರೂ ಅವನಿಗೆ ಸಿಕ್ಕಿರಲಿಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಂದೆತಾಯಿ ಇರಲಿಲ್ಲ, ಅಜ್ಜಿ ಸಾಕಿದ್ದಳು. ಅಜ್ಜಿ ವ್ಯಾಪಾರಿಗಳಿಗೆ ಹುಣಸೆಹಣ್ಣಿನ ಬೀಜ ಬಿಡಿಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಹುಡುಗಿ ಒಂದು ಪದ ಓದಿದರೆ ಅಲ್ಲೇ ನಿಂತುಬಿಡುತ್ತಿದ್ದಳು. ಅಷ್ಟರಲ್ಲಿ ತರಗತಿ ಎರಡು ಸಾಲು ಮುಂದೆ ಹೋಗಿರುತ್ತಿತ್ತು. ಉಪಾಧ್ಯಾಯ ಗದರಿಸಿದ, ಪುಸಲಾಯಿಸಿದ, ಕೊನೆಗೆ ಸುಮ್ಮನೆ ತುಟಿಯಾದರೂ ಆಡಿಸು ಮಹಾತಾಯಿ ಎಂದ. ಏನೂ ಆಗಲಿಲ್ಲ. ಸೋಮವಾರದಿಂದ ಚಿಕ್ಕ ಮಕ್ಕಳ ಸಾಲಿನಲ್ಲಿ ಕೂತು ಅಕ್ಷರ ತಿದ್ದು ಎಂದು ಅವಳಿಗೆ ಹೇಳಿಬಿಟ್ಟ.

ಹುಡುಗಿ ಅವನ ಮುಂದೆ ತಲೆಯಾಡಿಸಿ, ಮನೆಗೆ ಹೋಗಿ ಅಜ್ಜಿಯ ಮುಂದೆ ಅತ್ತಳು. ಆ ಊರಿನಲ್ಲಿ ಕೆಳಗಿನ ತರಗತಿಗೆ ಇಳಿದ ಹೆಣ್ಣುಮಕ್ಕಳು ಮತ್ತೆ ಮೇಲೆ ಬಂದದ್ದಿಲ್ಲ. ಸ್ವಲ್ಪ ದಿನ ಕೂತು, ನಾಚಿಕೆಯಾಗಿ ಶಾಲೆ ಬಿಟ್ಟು, ಹುಣಸೆಹಣ್ಣಿನ ರಾಶಿಯ ಮುಂದೆ ಬಂದು ಕೂರುತ್ತಿದ್ದರು. ಇದು ಮೊಮ್ಮಗಳಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಉಪಾಧ್ಯಾಯನ ಗಂಟಲು ಕಟ್ಟಿತು. ಬಾಯಿ ತೆರೆದರೆ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ರಜೆ ಹಾಕುವ ಅಭ್ಯಾಸ ಅವನಿಗಿರಲಿಲ್ಲ. ತರಗತಿಗೆ ಹೋಗಿ ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: "ನನ್ನ ಗಂಟಲು ಕಟ್ಟಿದೆ. ಕುಡಿಯಲು ಬಿಸಿನೀರು ಬೇಕು."

ಮಕ್ಕಳು ಹಲಗೆ ನೋಡಿದರು. ಮುಂದಿನ ಸಾಲಿನ ಜಾಣನೊಬ್ಬ ಎದ್ದು ರಾಗ ತೆಗೆದ. ಉಳಿದವರು ಸೇರಿಸಿದರು. ನನ್ನ ಗಂಟಲೂ ಕಟ್ಟಿದೇ, ಕುಡಿಯಲೂ ಬಿಸಿನೀರೂ ಬೇಕೂ. ಒಂದು ಪದ ತಪ್ಪಲಿಲ್ಲ. ಓದಿ ಮುಗಿಸಿ ಕೈಕಟ್ಟಿ ಕೂತು, ಮುಂದಿನ ಸಾಲಿಗೆ ಕಾದರು. ಉಪಾಧ್ಯಾಯ ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದ. ಅವರು ಇನ್ನೂ ಜೋರಾಗಿ ಓದಿದರು. ಅವನು ತನ್ನ ಗಂಟಲು ಮುಟ್ಟಿ ತೋರಿಸಿದ. ಅವರೂ ತಂತಮ್ಮ ಗಂಟಲು ಮುಟ್ಟಿಕೊಂಡು ಮತ್ತೊಮ್ಮೆ ಓದಿದರು.

ಇವರು ಇಷ್ಟು ದಿನ ಕಲಿತದ್ದು ಓದನ್ನಲ್ಲ, ನನ್ನ ರಾಗವನ್ನು ಎಂದು ಅವನಿಗೆ ಆಗ ಹೊಳೆಯಿತು. ಕುರ್ಚಿಯ ಮೇಲೆ ಕುಸಿದು ಕೂತ.

ಚಿಕ್ಕ ಮಕ್ಕಳ ಸಾಲಿನಲ್ಲಿ ಕೂತಿದ್ದ ಹುಡುಗಿ ಹಲಗೆಯನ್ನೇ ನೋಡುತ್ತಿದ್ದಳು. ಅವಳ ತುಟಿ ಒಂದೊಂದೇ ಪದಕ್ಕೆ ಅಲ್ಲಾಡಿತು. ಆಮೇಲೆ ಎದ್ದು, ಯಾರನ್ನೂ ಕೇಳದೆ ಹೊರಗೆ ಹೋದಳು. ಅವಮಾನ ತಾಳದೆ ಮನೆಗೆ ಹೊರಟಳು ಎಂದುಕೊಂಡ ಉಪಾಧ್ಯಾಯ. ಕರೆಯಲು ದನಿಯಿರಲಿಲ್ಲ. ಇದ್ದಿದ್ದರೆ ಗದರಿ ಕೂರಿಸಿಬಿಡುತ್ತಿದ್ದ. ದನಿ ಹೋದದ್ದಕ್ಕೆ ಅವನು ಮುಂದೆ ಬದುಕಿರುವತನಕ ದೇವರಿಗೆ ಕೈ ಮುಗಿದನಂತೆ.

ಹುಡುಗಿ ಎದುರು ಮನೆಯಿಂದ ಒಂದು ಲೋಟ ಬಿಸಿನೀರು ತಂದಳು. ಲೋಟ ಸುಡುತ್ತಿತ್ತು, ಲಂಗದ ಅಂಚಿನಲ್ಲಿ ಹಿಡಿದಿದ್ದಳು. ಮೇಜಿನ ಮೇಲಿಟ್ಟು, ಮತ್ತೆ ಹೋಗಿ ಚಿಕ್ಕ ಮಕ್ಕಳ ಸಾಲಿನಲ್ಲೇ ಕೂತಳು. ಉಪಾಧ್ಯಾಯ ಕುಡಿದ. ಅವನ ಕಣ್ಣಲ್ಲಿ ನೀರು ಬಂತು. ನಾಲಿಗೆ ಸುಟ್ಟಿರಬೇಕು ಎಂದುಕೊಂಡರು ಮಕ್ಕಳು.

ಅವನು ಸೀಮೆಸುಣ್ಣ ತೆಗೆದುಕೊಂಡು ಬರೆದ: "ನಿನಗೆ ಹೇಗೆ ತಿಳಿಯಿತು?" ತರಗತಿ ರಾಗ ತೆಗೆಯುವ ಮೊದಲೇ ಕೈಯೆತ್ತಿ ತಡೆದ. ಹುಡುಗಿ ನಿಧಾನವಾಗಿ ಓದಿಕೊಂಡು ಎದ್ದು ನಿಂತಳು.

"ಬರ್ದಿದ್ರಲ್ಲ ಸಾ. ಮನೇಲಿ ಪಾಠ ಓದಿದ್ರೆ ನಮ್ಮಜ್ಜಿ ಒಂದೊಂದು ಮಾತ್ಗೂ ಹಂಗಂದ್ರೇನು ಅಂತದೆ. ಹೇಳೋಗಂಟ ಮುಂದಕ್ಕೆ ಬಿಡಾಕಿಲ್ಲ. ಅದ್ಕೇ ನಿಂತು ನಿಂತು ಓದ್ತೀನಿ."

ಸಂಜೆ ಉಪಾಧ್ಯಾಯ ಒಂದು ಸ್ಲೇಟು ಹಿಡಿದು ಹುಡುಗಿಯ ಹಿಂದೆ ಅವಳ ಮನೆಗೆ ಹೋದ. ಅಜ್ಜಿ ಅವನನ್ನು ಕಂಡು ದಿಗಿಲುಬಿದ್ದಳು. ಇನ್ನೇನು ತಪ್ಪು ಮಾಡಿದಳೋ, ಹೊಟ್ಟೆಗೆ ಹಾಕಿಕೊಳ್ಳಬೇಕು, ಶಾಲೆ ಬಿಡಿಸಬಾರದು ಎಂದು ಬೇಡಿಕೊಂಡಳು. ಅವನಿಗೆ ಮಾತು ಬಾರದು, ಅವಳಿಗೆ ಓದು ಬಾರದು. ಅವನು ಸ್ಲೇಟಿನ ಮೇಲೆ ಬರೆದ: "ತಮ್ಮ ಮಹದುಪಕಾರಕ್ಕೆ ನಾನು ಚಿರಋಣಿ."

ಹುಡುಗಿ ನಿಂತು ನಿಂತು ಓದಿ ಹೇಳಿದಳು. ಅಜ್ಜಿ ಬೀಜ ಬಿಡಿಸುತ್ತಲೇ ಕೇಳಿದಳು. "ಹಂಗಂದ್ರೇನೇ?"

ಹುಡುಗಿಗೆ ಗೊತ್ತಿರಲಿಲ್ಲ. ಅವಳು ಉಪಾಧ್ಯಾಯನ ಮುಖ ನೋಡಿದಳು. ಅವನು ಸ್ಲೇಟು ನೋಡಿದ. ಇಂಥ ಮಾತನ್ನೇ ಅವನು ಇಷ್ಟು ವರ್ಷ ಮಕ್ಕಳ ಕೈಯಲ್ಲಿ ಬರೆಸಿದ್ದ. ಚೆನ್ನಾಗಿ ಬರೆದವರ ಬೆನ್ನು ತಟ್ಟಿದ್ದ. ಬರೆದದ್ದು ಯಾರಿಗೆ, ಅವರಿಗೆ ತಿಳಿಯಿತೇ ಎಂದು ಕೇಳಿರಲಿಲ್ಲ. ಅಂಗಿಯ ತೋಳಿನಿಂದ ಸ್ಲೇಟು ಒರೆಸಿ ಬಹಳ ಹೊತ್ತು ಯೋಚಿಸಿದ. ಜಾಣನೆನಿಸಿಕೊಂಡ ಮನುಷ್ಯನಿಗೆ ಎರಡು ಸಾಲು ಬರೆಯುವುದು ಅಷ್ಟು ಕಷ್ಟವಾದದ್ದು ಅದೇ ಮೊದಲು. ಕೊನೆಗೆ ಬರೆದ: "ನೀವು ಕೇಳಿ ಕೇಳಿ ಇವಳಿಗೆ ಓದುವುದನ್ನು ಕಲಿಸಿದ್ದೀರಿ. ನನಗೂ ಕಲಿಸಿದಿರಿ. ನಾಳೆಯಿಂದ ಇವಳು ಮೊದಲಿನ ಜಾಗದಲ್ಲೇ ಕೂರುತ್ತಾಳೆ."

ಹುಡುಗಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಈ ಸಲ ಅಜ್ಜಿ ಏನೂ ಕೇಳಲಿಲ್ಲ. ಅವಳ ಕೈ ಹುಣಸೆಹಣ್ಣಿನಲ್ಲಿ ಸುಮ್ಮನೆ ನಿಂತಿತು.

"ನಂಗೇನೂ ತಿಳಿಯಾಕಿಲ್ಲ ಸ್ವಾಮಿ, ಅದ್ಕೇ ಕೇಳ್ತೀನಿ," ಎಂದಳು.

ಹೊರಡುವಾಗ ಅವನಿಗೆ ಕೊಡಲು ಒಂದು ಹಿಡಿ ಹುಣಸೆಹಣ್ಣು ತೆಗೆದಳು. ಕೊಟ್ಟೂ ಆಯಿತು. ಆಮೇಲೆ ಗಂಟಲಿನ ನೆನಪಾಗಿ, ಹುಳಿ ಆಗದು ಎಂದು ಅವನ ಕೈಯಿಂದ ವಾಪಸು ಕಿತ್ತುಕೊಂಡು, ಒಳಗಿನಿಂದ ಒಂದು ಉಂಡೆ ಬೆಲ್ಲ ತಂದುಕೊಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ.

ಗಂಟಲು ಬಿಡುವವರೆಗೆ ಉಪಾಧ್ಯಾಯ ಮಕ್ಕಳಿಗೆ ಹೇಳಬೇಕಾದ್ದನ್ನೆಲ್ಲ ಬರೆದೇ ಹೇಳಿದ. ಅವರಿಗೆ ಏನು ಬೇಕಿದ್ದರೂ ಬರೆದು ಕೇಳಬೇಕೆಂದ. ಮೊದಮೊದಲು ಏನು ಕೇಳಬೇಕಿದ್ದರೂ, ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ ಎಂದು ಬರೆದುಕೊಂಡು ಬಂದರು. ಅವರಿಗೆ ನೋಡದೆ ಬರೆಯಲು ಬರುತ್ತಿದ್ದುದು ಅದೊಂದೇ. ಅವನು ಸಿಟ್ಟಾಗಲಿಲ್ಲ. ಪ್ರತಿ ಸ್ಲೇಟಿನ ಕೆಳಗೆ ಹಂಗಂದ್ರೇನು ಎಂಬ ಅಜ್ಜಿಯ ಮಾತನ್ನು ಬರೆದು ವಾಪಸು ಕೊಟ್ಟ. ಮಕ್ಕಳು ನಕ್ಕರು, ಅಳಿಸಿದರು, ತಲೆ ಕೆರೆದುಕೊಂಡು ಮತ್ತೆ ಬರೆದರು. ಒಂದು ದಿನ ಆ ಮುಂದಿನ ಸಾಲಿನ ಜಾಣ, "ಸಾ, ನನಗೆ ಅರ್ಥವಾಗಲಿಲ್ಲ" ಎಂದು ಬರೆದು ತಂದ. ಉಪಾಧ್ಯಾಯನಿಗೆ ಆದ ಸಂತೋಷಕ್ಕೆ ಎಣೆಯಿಲ್ಲ. ಅದು ಆ ಹುಡುಗ ತಾನಾಗಿ ಬರೆದ ಮೊದಲ ವಾಕ್ಯ.

ದನಿ ಮರಳಿ ಬಂದಮೇಲೆ ಅವನು ರಾಗ ತೆಗೆಯಲಿಲ್ಲ. ಶಾಲೆ ಸಪ್ಪಗಾಯಿತು ಎಂದು ಊರಿನವರು ಗೊಣಗಿದರು. ಅವನು ನಕ್ಕುಬಿಟ್ಟ. ಪ್ರತಿ ವರ್ಷ ಶಾಲೆ ಶುರುವಾಗುವ ದಿನ, ಪುಸ್ತಕ ತೆರೆಯುವ ಮೊದಲು ಒಂದು ಲೋಟ ಬಿಸಿನೀರು ತರಿಸಿ ಕುಡಿಯುತ್ತಿದ್ದ. ಯಾಕೆ ಎಂದು ಕೇಳಿದರೆ, ನನಗೆ ವಿದ್ಯೆ ಬಂದದ್ದು ಇದರಿಂದ, ತಂದುಕೊಟ್ಟವಳನ್ನೂ ಅವಳ ಅಜ್ಜಿಯನ್ನೂ ನೆನೆಯುತ್ತೇನೆ ಎನ್ನುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಸಿದ್ಧವೀರಯ್ಯನಿಗೆ ನಾಗವೇಣಿಯ ತುಟಿ ಕಣ್ಣ ಮುಂದೆ ಬಂತು. ಅವಳು ಯಾವ ಪದದಲ್ಲಿ ನಿಲ್ಲುತ್ತಾಳೆ ಎಂದು ಅವನು ನೋಡಿದ್ದಿಲ್ಲ, ನಿಲ್ಲುತ್ತಾಳೆ ಎಂದಷ್ಟೇ ನೋಡಿದ್ದ. ಆದರೂ ಕೇಳಿದ.

"ಆ ಉಪಾಧ್ಯಾಯನಿಗೆ ಗಂಟಲು ಕಟ್ಟಿತು, ತಿಳಿಯಿತು. ನಿಮ್ಮ ಆಶೀರ್ವಾದದಿಂದ ನನ್ನ ಗಂಟಲು ಚೆನ್ನಾಗಿದೆ. ನನಗೆ ಹೇಗೆ ತಿಳಿಯಬೇಕು, ಗುರುಗಳೇ?"

"ಚೆನ್ನಾಗಿದೆಯಲ್ಲ, ನನಗೂ ಅದೇ ಚಿಂತೆ," ಎಂದರು ಗುರುಗಳು.

ಮರುದಿನ ನಾಗವೇಣಿ ನಿಂತ ಪದದಲ್ಲೇ ಸಿದ್ಧವೀರಯ್ಯನೂ ನಿಂತ.