ನಾಲ್ಕು ರಸ್ತೆ ಕೂಡುವಲ್ಲಿ ಎರಡು ಸೈರನ್

ಪೊಲೀಸ್ ಜೀಪಿನ ನೆತ್ತಿಯ ಮೇಲಿದ್ದ ಸೈರನ್, ಡ್ರೈವರನ ಕಾಲಡಿಯ ಬ್ರೇಕನ್ನು ಕಂಡರೆ ಮೂಗು ಮುರಿಯುತ್ತಿತ್ತು. ಸಂತೆಯಲ್ಲಿ ಒಬ್ಬ ಕುರಿ ಕದ್ದು ಓಡಿದನೆಂದು ಠಾಣೆಗೆ ಸುದ್ದಿ ಬಂದದ್ದೇ ತಡ, ಡ್ರೈವರ್ ಗುರುಪಾದಪ್ಪ ಜೀಪನ್ನು ಹಾರಿಸಿಕೊಂಡು ಹೊರಟ.

“ಅಯ್ಯಾ, ಮುಂದೆ ನಾಲ್ಕು ರಸ್ತೆ ಕೂಡುತ್ತವೆ. ಡ್ರೈವರ್ ಒಮ್ಮೆ ನನ್ನನ್ನು ತುಳಿದು, ಆಚೀಚೆ ನೋಡಿ ಹೋದರೆ ಒಳ್ಳೆಯದು,” ಎಂದಿತು ಬ್ರೇಕು.

“ಕಾಲಡಿ ಬಿದ್ದವನಿಗೆ ಕಾಲೆಳೆಯುವುದೇ ಕೆಲಸ! ನಾನು ಬಾಯಿ ತೆರೆದರೆ ಬಸ್ಸು, ಎಮ್ಮೆ, ಎಮ್ಮೆಲ್ಲೆ ಕಾರು ಎಲ್ಲವೂ ದಾರಿ ಬಿಡುತ್ತವೆ. ನನ್ನ ಕೂಗು ಕೇಳಿಸದವರು ಯಾರಿದ್ದಾರೆ?” ಎಂದಿತು ಸೈರನ್.

ಬಸ್ಸು ಸರಿಯಿತು. ಎಮ್ಮೆಯೂ ಸರಿಯಿತು. ಆ ಕೂಗನ್ನೇ ನಂಬಿದ ಗುರುಪಾದಪ್ಪ ಬ್ರೇಕಿನತ್ತ ಕಾಲನ್ನೇ ಒಯ್ಯಲಿಲ್ಲ. ಅದೇ ಕಳ್ಳನನ್ನು ಹಿಡಿಯಲು ಪಕ್ಕದ ಠಾಣೆಯ ಜೀಪೂ ಅಡ್ಡರಸ್ತೆಯಿಂದ ಅಷ್ಟೇ ಜೋರಾಗಿ ಕೂಗುತ್ತ ಬರುತ್ತಿತ್ತು. ಧಡಾರ್! ಎರಡೂ ಜೀಪು ಚರಂಡಿ ಸೇರಿದವು. ಪುಣ್ಯಕ್ಕೆ ಯಾರ ಮೂಳೆಯೂ ಮುರಿಯಲಿಲ್ಲ.

“ನಾನು ಅಷ್ಟು ಕೂಗಿದರೂ ಕೇಳಿಸಲಿಲ್ಲವೇನೋ, ಕಿವುಡ?” ಎಂದು ಈ ಸೈರನ್ ಗದರಿತು.

“ನಾನೇ ಕೂಗುತ್ತಿರುವಾಗ ನಿನ್ನ ಕೂಗು ಹೇಗೋ ಕೇಳಿಸಬೇಕು?” ಎಂದಿತು ಆ ಸೈರನ್.



ಅಷ್ಟರಲ್ಲಿ ಕುರಿಯನ್ನು ಹೆಗಲ ಮೇಲೆ ಹೊತ್ತ ಕಳ್ಳ ಅಲ್ಲಿಗೆ ಬಂದ. ರಸ್ತೆಯ ಅಂಚಿನಲ್ಲಿ ನಿಂತ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಇನ್ನೊಮ್ಮೆ ಬಲಕ್ಕೆ ನೋಡಿ ನಿಧಾನವಾಗಿ ರಸ್ತೆ ದಾಟಿ ಹೋದ.