ಕೈಗಣಕ ಹೊಕ್ಕ ಕಣಜ

ಆಸ್ಪತ್ರೆಯ ದೊಡ್ಡ ಕಂಪ್ಯೂಟರಿನಲ್ಲಿ ಕಣಜ ಎಂಬ ತಂತ್ರಾಂಶವಿತ್ತು. ಇಡೀ ತಾಲ್ಲೂಕಿನ ಮಕ್ಕಳ ಹೆಸರು ಅದರೊಳಗೆ. ಊರೂರು ಸುತ್ತಿ ಲಸಿಕೆ ಹಾಕುವ ದಾದಿ ಜಸಿಂತಾ ತನ್ನ ಕೈಗಣಕಕ್ಕೆ ಚೀಲ ಎಂಬ ಪುಟ್ಟ ತಂತ್ರಾಂಶವನ್ನು ಆರಿಸಿಕೊಂಡದ್ದೇ ತಡ, ಕಣಜದ ಹೊಟ್ಟೆಗೆ ಬೆಂಕಿ ಬಿತ್ತು.

"ಒಂದು ಊರಿನ ಹೆಸರು ಹೊರುವಷ್ಟರಲ್ಲಿ ಏದುಸಿರು ಬಿಡುತ್ತೀಯ. ನಿನಗೆ ತಿರುಗಾಟ ಬೇರೆ ಕೇಡು!" ಎಂದಿತು.

"ಸಿಸ್ಟರ್ ದಿನಕ್ಕೆ ಹೋಗುವುದೂ ಒಂದೇ ಊರಿಗಲ್ಲವೇ ಅಣ್ಣಾ?" ಎಂದಿತು ಚೀಲ.

ಕಣಜ ಇನ್ನಷ್ಟು ಉರಿದುಹೋಯಿತು. "ನನ್ನನ್ನೇ ಒಯ್ಯಿರಿ ಸಿಸ್ಟರ್, ಒಂದು ಮಗುವೂ ತಪ್ಪದು" ಎಂದು ದಾದಿಯ ಬೆನ್ನು ಹತ್ತಿ, ಚೀಲವನ್ನು ತೆಗೆಸಿ, ತಾನೇ ಕೈಗಣಕದೊಳಗೆ ನುಗ್ಗಿತು.

ಹೊಳೆಯಾಚೆಯ ಹಾಡಿಯ ಗುಡಿಸಲುಗಳ ಮುಂದೆ ದಾದಿ ಕಣಜವನ್ನು ಮೊದಲ ಮಗುವಿನ ಹೆಸರು ಕೇಳಿದಳು. ಕಣಜ ಇಡೀ ತಾಲ್ಲೂಕನ್ನೇ ತಡಕತೊಡಗಿತು. ತಡಕುತ್ತ ತಡಕುತ್ತ ಬ್ಯಾಟರಿಯೇ ಮುಗಿಯಿತು.

"ಅಷ್ಟೆಲ್ಲ ಗೊತ್ತಿದ್ದೂ ಒಂದು ಹೆಸರು ಹೇಳಲಾರೆಯಲ್ಲ ಮಾರಾಯ!" ಎಂದ ಜಸಿಂತಾ ಪೆನ್ನು ತೆಗೆದು, ಸೂಜಿ ಹಾಕಿಸಿಕೊಂಡ ಮೂರು ಮಕ್ಕಳ ಹೆಸರನ್ನು ಅಂಗೈ ಮೇಲೆ ಬರೆದುಕೊಂಡಳು.

ಸಂಜೆ ಆಸ್ಪತ್ರೆಗೆ ಬಂದವಳು ಕೈಗಣಕಕ್ಕೆ ಮತ್ತೆ ಚೀಲವನ್ನೇ ಹಾಕಿ, ಅಂಗೈ ನೋಡಿಕೊಂಡು ಆ ಮೂರು ಹೆಸರು ತುಂಬಿದಳು. ಮತ್ತೆ ದೊಡ್ಡ ಕಂಪ್ಯೂಟರು ಸೇರಿ ಅಲ್ಲಿಂದ ನೋಡುತ್ತಿದ್ದ ಕಣಜಕ್ಕೆ ಅಂದಿನಿಂದ ಚೀಲದ ಮೇಲಷ್ಟೇ ಅಲ್ಲ, ಆ ಅಂಗೈಯ ಮೇಲೂ ಹೊಟ್ಟೆಕಿಚ್ಚು.